‘ಎದಿ ಹಾರತೈತ್ರಿ’



ಉತ್ತರ ಕನ್ನಡದ ಮಳಗಿ, ಮುಂಡಗೋಡ ಕಡೆಯ ಹೆಣ್ಣುಮಗಳು ಡಾಕ್ಟರ ಮುಂದೆ ಕೂತಾಗ ಹೇಳುವುದು ಹೀಗೆ: “ತಲಿ ಭಾರ ಆಗೇತ್ರಿ, ಎದಿ ಹಾರತೈತಿ, ಕೈಕಾಲಾಗ ಕಸುವಿಲ್ಲ.” ಗಂಡನ ಕುಡಿತ, ಸೊಸೈಟಿಯ ಸಾಲ, ರಾತ್ರಿಯೆಲ್ಲ ಬರುವ ಅಳು ಬಾಯಿಗೆ ಬರುವುದಿಲ್ಲ. ರಕ್ತ ತಪಾಸಣೆಯಲ್ಲಿ ಏನೂ ಸಿಗದಿದ್ದರೆ “ನಿಮಗೇನೂ ಆಗಿಲ್ಲ, ಹೋಗಿ” ಎನ್ನುವವರುಂಟು. ಆಕೆಗೆ ಅದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ಆಕೆ ಸುಳ್ಳು ಹೇಳಿಲ್ಲ. ದುಃಖ ನಿಜವಾಗಿಯೂ ಮೈಯಲ್ಲಿ ನೋಯುತ್ತದೆ. ಮನಸ್ಸಿನ ಕಾಯಿಲೆ ಎಂದು ಊರಿಗೆ ಗೊತ್ತಾದರೆ ಮಗಳಿಗೆ ಗಂಡು ಸಿಗುವುದಿಲ್ಲವೆಂಬ ಭಯವೂ ಇದೆ.

ಇದು ನಮ್ಮಲ್ಲಿ ಮಾತ್ರ ಅಲ್ಲ. 1980ರಲ್ಲಿ ಅಮೆರಿಕದ ಮನೋವೈದ್ಯ ಆರ್ಥರ್ ಕ್ಲೈನ್‌ಮನ್ ಚೀನಾದ ಹುನಾನ್ ಪ್ರಾಂತ್ಯಕ್ಕೆ ಹೋಗಿ, ನರಗಳ ನಿಶ್ಶಕ್ತಿಯೆಂದು ಆಸ್ಪತ್ರೆಗೆ ಬರುತ್ತಿದ್ದ 100 ಜನರನ್ನು ಮಾತಾಡಿಸಿದರು. ಅವರಲ್ಲಿ 87 ಮಂದಿಗೆ ತೀವ್ರ ಖಿನ್ನತೆ ಇತ್ತು. ಗುಳಿಗೆ ಕೊಟ್ಟಾಗ ಹೆಚ್ಚಿನವರ ಲಕ್ಷಣಗಳು ತಗ್ಗಿದವು. ಆದರೆ ಕೆಲಸದ ಜಾಗದ ಕಿರುಕುಳ, ಮನೆಯ ತಾಪತ್ರಯ ಹಾಗೆಯೇ ಉಳಿದವರು ಪೂರ್ತಿ ಚೇತರಿಸಿಕೊಳ್ಳಲಿಲ್ಲ.

ಚೀನಾದವರೆಗೆ ಹೋಗಬೇಕೆಂದೂ ಇಲ್ಲ. ನಮ್ಮ ಮುಂಡಗೋಡದ ಪಕ್ಕದಲ್ಲೇ 1966ರಲ್ಲಿ ನೆಲೆಗೊಂಡ ಟಿಬೆಟನ್ ಕ್ಯಾಂಪ್ ಇದೆ. ಟಿಬೆಟಿನ ಡ್ರೆಪುಂಗ್, ಗಾಂದೆನ್ ಮಠಗಳು ಮತ್ತೆ ಎದ್ದದ್ದು ಇಲ್ಲಿಯೇ. ಹಿಮದ ದಾರಿ ದಾಟಿ, ಹೆತ್ತವರನ್ನೂ ಊರನ್ನೂ ಬಿಟ್ಟು ಬಂದವರ ನೋವಿಗೆ ಅವರದೇ ವೈದ್ಯಪದ್ಧತಿಯಲ್ಲಿ ವಿವರಣೆ ಇದೆ. ದೇಹದೊಳಗೆ ಓಡಾಡುವ ವಾಯುವನ್ನು ಅವರು ‘ಲುಂಗ್’ ಎನ್ನುತ್ತಾರೆ. ನಮ್ಮ ಆಯುರ್ವೇದದ ವಾತಕ್ಕೆ ಅದು ಹತ್ತಿರದ ನೆಂಟ; ವಾಗ್ಭಟನ ಅಷ್ಟಾಂಗಹೃದಯ ಶತಮಾನಗಳ ಹಿಂದೆಯೇ ಟಿಬೆಟನ್ ಭಾಷೆಗೆ ಹೋಗಿತ್ತು. ದುಃಖ, ಭಯ, ಮಿತಿಮೀರಿದ ಚಿಂತೆಯಿಂದ, ಕೆಲವೊಮ್ಮೆ ಹದ ತಪ್ಪಿದ ಧ್ಯಾನದಿಂದಲೂ ಪ್ರಾಣವಾಯು ಕೆಡುತ್ತದೆ, ಆಗ ನಿದ್ದೆ ಹೋಗುತ್ತದೆ, ಎದೆ ನಡುಗುತ್ತದೆ, ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ ಎಂದು ಅವರ ಶಾಸ್ತ್ರ ಹೇಳುತ್ತದೆ. ಇದಕ್ಕೆ ವೈದ್ಯರು ಔಷಧಿ ಮಾತ್ರ ಕೊಟ್ಟು ಸುಮ್ಮನಾಗುವುದಿಲ್ಲ. ಬೆಚ್ಚಗಿನ ಜಾಗ, ಎಲುಬಿನ ಸಾರು, ಜಿಡ್ಡಿನ ಊಟ, ಪ್ರೀತಿಯವರ ಸಂಗ ಇವೂ ಚಿಕಿತ್ಸೆಯ ಭಾಗ. ನನಗೆ ಇದು ತುಂಬ ಹಿಡಿಸುತ್ತದೆ. ವಾಯು ಯಾರಿಗಾದರೂ ಕೆಡಬಹುದಾದ್ದರಿಂದ ರೋಗಿ ತಲೆ ತಗ್ಗಿಸಬೇಕಾಗಿಲ್ಲ. ಒಂಟಿಯಾಗಿ ಬಿಡಬಾರದೆಂಬ ಜವಾಬ್ದಾರಿ ಸುತ್ತಲಿನವರ ಮೇಲೆ ಬೀಳುತ್ತದೆ.

ಜೊತೆಗಿರುವವರ ಬೆಲೆಯನ್ನು ನಮ್ಮ ಡಾಕ್ಟರುಗಳೂ ಕಂಡುಕೊಂಡರು. 1950ರ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರ್ ಅವರು ಮಾನಸಿಕ ಆಸ್ಪತ್ರೆಯ ಅಂಗಳದಲ್ಲಿ ಡೇರೆ ಹಾಕಿಸಿ ರೋಗಿಗಳ ಮನೆಯವರನ್ನೂ ಅಲ್ಲೇ ಇರಿಸಿಕೊಂಡರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಮನೆಯವರು ಜೊತೆಗಿರುವ ವಾರ್ಡುಗಳಿವೆ.

ಹಾಗೆಂದು ಸಂಪ್ರದಾಯವೆಲ್ಲ ಒಳ್ಳೆಯದೆಂದು ನಾನು ಹೇಳಲಾರೆ. ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ. ನಿಮ್ಹಾನ್ಸ್‌ನ ಡಾ. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಹಳ್ಳಿಯೊಂದರ ಮುತ್ತುಸ್ವಾಮಿ ಗುಡಿಯಲ್ಲಿ ತಂಗಿದ್ದ 31 ರೋಗಿಗಳನ್ನು ಗಮನಿಸಿ 2002ರಲ್ಲಿ ವರದಿ ಬರೆದರು. ವಿಶೇಷ ವಿಧಿ ಏನೂ ಇರಲಿಲ್ಲ. ಬೆಳಗಿನ ಪೂಜೆ, ಗುಡಿಯ ಸಣ್ಣಪುಟ್ಟ ಕೆಲಸ, ಜೊತೆಗೆ ಮನೆಯವರೊಬ್ಬರು. ಕೆಲವೇ ವಾರಗಳಲ್ಲಿ ರೋಗಲಕ್ಷಣಗಳು ಐದರಲ್ಲಿ ಒಂದು ಪಾಲಿನಷ್ಟು ಇಳಿದಿದ್ದವು. ಆದರೆ ಅದೇ ತಮಿಳುನಾಡಿನ ಏರವಾಡಿಯಲ್ಲಿ, ದರ್ಗಾದ ನಂಬಿಕೆಯ ಮೇಲೆ ನಡೆಯುತ್ತಿದ್ದ ಖಾಸಗಿ ಶೆಡ್ಡಿಗೆ 2001ರ ಆಗಸ್ಟ್ 6ರಂದು ಬೆಂಕಿ ಬಿತ್ತು. ಸರಪಳಿ ಬಿಗಿದಿದ್ದರಿಂದ ರೋಗಿಗಳಿಗೆ ಓಡಲಾಗಲಿಲ್ಲ. 28 ಮಂದಿ ಸತ್ತರು. ಎರಡೂ ಕಡೆ ಜನ ಬಂದದ್ದು ದೇವರನ್ನು ನಂಬಿಯೇ. ಗುಡಿಯಲ್ಲಿ ಅವರನ್ನು ಮನುಷ್ಯರಂತೆ ಕಂಡರು, ಶೆಡ್ಡಿನಲ್ಲಿ ಕಟ್ಟಿಹಾಕಿದರು. ರೋಗಿಗೆ ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ.

ಹರಕೆ ಹೊತ್ತವರು ತೀರಿಸಿ ಬನ್ನಿ, ಆದರೆ ಡಾಕ್ಟರನ್ನು ಕೇಳದೆ ಗುಳಿಗೆ ನಿಲ್ಲಿಸಬೇಡಿ. ಆಶಾ ಕಾರ್ಯಕರ್ತೆಯರಲ್ಲಿ ಒಂದು ವಿನಂತಿ: ‘ಎದಿ ಹಾರತೈತಿ’ ಎಂದವರಿಗೆ ಬಿ.ಪಿ. ನೋಡಿಸಿ, ಆಮೇಲೆ “ರಾತ್ರಿ ನಿದ್ದಿ ಬರತೈತೇನವ್ವಾ? ಮನ್ಯಾಗ ಹೆಂಗೈತಿ?” ಎಂದೂ ಕೇಳಿ. ಧಾರವಾಡದ ಮಾನಸಿಕ ಆಸ್ಪತ್ರೆ ನಮಗೆ ದೂರವೇನಲ್ಲ. ಅಲ್ಲಿಗೆ ಹೋಗಲು ಹಿಂಜರಿಕೆಯಾದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್‌ಗೆ ಫೋನ್ ಮಾಡಿ. ಹಗಲಿರಲಿ ರಾತ್ರಿಯಿರಲಿ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಸಂಖ್ಯೆ 14416.