ತಂತ್ರಾಂಶದ ಪೆಟ್ಟಿಗೆಯೂ ವ್ಯಾಪಾರದ ಖರ್ಚೂ

ಹಡಗಿನಲ್ಲಿ ಸರಕು ಸಾಗಿಸುವ ಕಸಬಿಗೂ ಗಣಕಯಂತ್ರದ ವ್ಯವಹಾರಕ್ಕೂ ಏನು ಸಂಬಂಧವೆಂದು ಯಾರಾದರೂ ಕೇಳಿದರೆ, ಮೇಲುನೋಟಕ್ಕೆ ಏನೂ ಇಲ್ಲವೆಂದೇ ಹೇಳಬೇಕಾಗುತ್ತದೆ. ಆದರೆ ಬ್ಯಾಂಕು, ವಿಮಾಸಂಸ್ಥೆ, ದೊಡ್ಡ ಅಂಗಡಿ, ಸರಕಾರದ ಕಚೇರಿ ಮೊದಲಾದವುಗಳ ಲೆಕ್ಕಪತ್ರವನ್ನು ನಡೆಸುವ ತಂತ್ರಾಂಶಗಳು 2013ರಿಂದ ಈಚೆಗೆ ತಮ್ಮ ಹೊಸ ಮಾದರಿಯನ್ನು ಹಡಗುಕಟ್ಟೆಯಿಂದಲೇ ಎರವಲು ತಂದಿವೆ. ಹೆಸರು ಕೂಡ ಅಲ್ಲಿಯದೇ: ಕಂಟೇನರ್, ಎಂದರೆ ಪೆಟ್ಟಿಗೆ. ಈ ಪೆಟ್ಟಿಗೆ ಎಂತಹದು, ವ್ಯಾಪಾರ ಸಂಸ್ಥೆಗಳು ಇದಕ್ಕೇಕೆ ಮನಸೋತವು, ಇದರಿಂದ ಅವುಗಳ ಖರ್ಚು ತಗ್ಗಿತೆ ಅಥವಾ ಹೆಚ್ಚಿತೆ ಎಂಬುದನ್ನು ಈ ಹೊತ್ತು ಸ್ವಲ್ಪ ವಿಚಾರ ಮಾಡೋಣ.

ಮೊದಲು ಹಡಗಿನ ಪೆಟ್ಟಿಗೆಯ ಕಥೆಯನ್ನು ತಿಳಿಯುವುದು ಒಳ್ಳೆಯದು. 1956ರ ಏಪ್ರಿಲ್ 26ರಂದು ಅಮೆರಿಕದ ನೂವರ್ಕ್ ಬಂದರಿನಿಂದ ‘ಐಡಿಯಲ್ ಎಕ್ಸ್’ ಎಂಬ ಹಡಗು 58 ದೊಡ್ಡ ಲೋಹದ ಪೆಟ್ಟಿಗೆಗಳನ್ನು ಹೊತ್ತು ಹ್ಯೂಸ್ಟನ್ನಿಗೆ ಹೊರಟಿತು. ಇದರ ಹಿಂದಿದ್ದವನು ಮಾಲ್ಕಮ್ ಮೆಕ್‌ಲೀನ್ ಎಂಬ ಲಾರಿ ಸಾಗಣೆಯ ವ್ಯಾಪಾರಿ. ಅದುವರೆಗೆ ಚೀಲ, ಪೀಪಾಯಿ, ಮೂಟೆ, ಗಂಟುಗಳನ್ನು ಒಂದೊಂದಾಗಿ ಕೂಲಿಯಾಳುಗಳು ಹೊತ್ತು ತುಂಬಬೇಕಾಗಿತ್ತು. ಟನ್ನಿಗೆ ಸುಮಾರು 6 ಡಾಲರ್ ತಗಲುತ್ತಿತ್ತು. ಪೆಟ್ಟಿಗೆಯ ಕ್ರಮದಲ್ಲಿ ಅದು 16 ಸೆಂಟಿಗೆ ಇಳಿಯಿತು. ಪೆಟ್ಟಿಗೆಯ ಒಳಗೆ ಏನಿದೆ ಎಂಬ ಗೊಡವೆ ಎತ್ತುವ ಯಂತ್ರಕ್ಕೆ ಬೇಕಿಲ್ಲ. ಹೊರಗಿನ ಅಳತೆ ಒಂದೇ ಆಗಿದ್ದರೆ ಸಾಕು. ಅಳತೆ ಒಂದಾದಮೇಲೆ ಕಡಲಿನ ಪೆಟ್ಟಿಗೆ ನೆಲದ ಮೇಲೂ ಪಯಣ ಹೊರಟಿತು. ಕಡಲಿಲ್ಲದ ನಮ್ಮ ಬೆಂಗಳೂರಿನಲ್ಲಿ 1981ರಲ್ಲಿಯೇ ಒಳನಾಡಿನ ಕಂಟೇನರ್ ಡಿಪೊ ತೆರೆದುದನ್ನು ಇಲ್ಲಿ ನೆನೆಯಬಹುದು.

ಇನ್ನು ತಂತ್ರಾಂಶಕ್ಕೆ ಬರೋಣ. ಒಂದು ತಂತ್ರಾಂಶ ಓಡಬೇಕಾದರೆ ಅದೊಂದೇ ಇದ್ದರೆ ಸಾಲದು. ಅದಕ್ಕೆ ಬೇಕಾದ ಹತ್ತಾರು ಪೂರಕ ಕಡತಗಳು, ಅವುಗಳ ಸರಿಯಾದ ಆವೃತ್ತಿಗಳು, ಒಂದಿಷ್ಟು ಹೊಂದಾಣಿಕೆಗಳು, ಎಲ್ಲವೂ ಆ ಯಂತ್ರದಲ್ಲಿ ಇರಬೇಕು. ಬರೆದವನ ಮೇಜಿನ ಮೇಲೆ ಚೆನ್ನಾಗಿ ಓಡಿದ ತಂತ್ರಾಂಶ ಬ್ಯಾಂಕಿನ ಯಂತ್ರಕ್ಕೆ ಬಂದೊಡನೆ ಮುಗ್ಗರಿಸುವುದು ಈ ಕಾರಣದಿಂದ. ಬರೆದವನು “ನನ್ನಲ್ಲಿ ಸರಿಯಾಗಿದೆ” ಎನ್ನುತ್ತಾನೆ; ನಡೆಸುವವನು “ನನ್ನಲ್ಲಿ ಓಡುತ್ತಿಲ್ಲ” ಎನ್ನುತ್ತಾನೆ. ಇಬ್ಬರ ಮಾತೂ ನಿಜವೇ. ಪೆಟ್ಟಿಗೆಯ ಉಪಾಯವೆಂದರೆ ತಂತ್ರಾಂಶವನ್ನೂ ಅದರ ಪರಿವಾರವನ್ನೂ ಒಟ್ಟಿಗೆ ಕಟ್ಟಿ ಮುಚ್ಚಿಬಿಡುವುದು. ದೂರದ ಊರಿಗೆ ಹೊರಟವನು ಬುತ್ತಿ ಕಟ್ಟಿಕೊಂಡರೆ ಅಲ್ಲಿ ಅಕ್ಕಿ ಸಿಕ್ಕೀತೆ, ಒಲೆ ಸಿಕ್ಕೀತೆ ಎಂಬ ಚಿಂತೆ ಇರುವುದಿಲ್ಲವಷ್ಟೆ? ಇದೂ ಹಾಗೆಯೇ.

ಇದಕ್ಕೆ ಮುಂಚೆ ಬೇರೊಂದು ಏರ್ಪಾಡು ಇತ್ತು, ಈಗಲೂ ಇದೆ. ಒಂದೇ ಯಂತ್ರದ ಒಳಗೆ ಹಲವು ಕಲ್ಪಿತ ಯಂತ್ರಗಳನ್ನು ನಿರ್ಮಿಸಿ, ಒಂದೊಂದಕ್ಕೂ ಪ್ರತ್ಯೇಕವಾದ ಕಾರ್ಯಾಚರಣ ವ್ಯವಸ್ಥೆಯನ್ನು ಕೊಡುವುದು. ಇದು ಒಂದೊಂದು ಸಂಸಾರಕ್ಕೂ ಬೇರೆ ಮನೆ, ಬೇರೆ ಕಾಂಪೌಂಡು, ಬೇರೆ ಬಾವಿ ತೋಡಿಸಿದಂತೆ. ಪೆಟ್ಟಿಗೆಯ ಕ್ರಮವಾದರೋ ನಮ್ಮ ಹಳೆಯ ವಠಾರದಂತೆ. ಒಬ್ಬೊಬ್ಬರಿಗೂ ತಮ್ಮ ಬಾಗಿಲು, ತಮ್ಮ ಅಡುಗೆಮನೆ ಉಂಟು. ಬಾವಿ ಮಾತ್ರ ಎಲ್ಲರಿಗೂ ಒಂದೇ. ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್ ಎಂಬುದೇ ಈ ಬಾವಿ. ಆದುದರಿಂದ ಪೆಟ್ಟಿಗೆ ಹಗುರ, ಕ್ಷಣಮಾತ್ರದಲ್ಲಿ ಏಳುತ್ತದೆ, ಒಂದೇ ಯಂತ್ರದಲ್ಲಿ ಹೆಚ್ಚು ಹಿಡಿಸುತ್ತದೆ. ಆದರೆ ಬಾವಿಗೆ ಯಾರಾದರೂ ವಿಷ ಬೆರೆಸಿದರೆ ಇಡೀ ವಠಾರಕ್ಕೆ ತೊಂದರೆ ಎಂಬುದನ್ನೂ ಮರೆಯಬಾರದು. ಅದಕ್ಕಾಗಿಯೇ ಅನೇಕ ಸಂಸ್ಥೆಗಳು ಕಲ್ಪಿತ ಯಂತ್ರದ ಒಳಗೆ ಪೆಟ್ಟಿಗೆಗಳನ್ನಿಟ್ಟು ಎರಡು ಗೋಡೆಗಳ ರಕ್ಷಣೆಯನ್ನು ಪಡೆಯುತ್ತವೆ.

ಈ ವಿದ್ಯೆ ಒಂದೇ ದಿನದಲ್ಲಿ ಹುಟ್ಟಿದುದಲ್ಲ. 1979ರ ಯೂನಿಕ್ಸ್ ವ್ಯವಸ್ಥೆಯಲ್ಲಿಯೇ ಇದರ ಮೊಳಕೆ ಇತ್ತು. 2006ರಲ್ಲಿ ಗೂಗಲ್ ಸಂಸ್ಥೆಯ ಎಂಜಿನಿಯರರು ಆರಂಭಿಸಿದ ಕೆಲಸದ ಫಲವಾಗಿ, ಯಾವ ಕಾರ್ಯಕ್ರಮ ಎಷ್ಟು ಸ್ಮೃತಿಯನ್ನು, ಎಷ್ಟು ಗಣನಶಕ್ತಿಯನ್ನು ಬಳಸಬಹುದೆಂದು ಮಿತಿ ಹಾಕುವ ಸೌಕರ್ಯ 2008ರಲ್ಲಿ ಲಿನಕ್ಸಿಗೆ ಬಂತು. ಇವೆಲ್ಲ ಬಲ್ಲವರ ಕೈಯ ಉಪಕರಣಗಳಾಗಿದ್ದವು. 2013ರ ಮಾರ್ಚಿಯಲ್ಲಿ ಸಾಲೊಮನ್ ಹೈಕ್ಸ್ ಎಂಬಾತ ಅಮೆರಿಕದ ಒಂದು ಸಮ್ಮೇಲನದಲ್ಲಿ ಐದು ನಿಮಿಷದ ಪುಟ್ಟ ಭಾಷಣದಲ್ಲಿ ‘ಡಾಕರ್’ ಎಂಬ ಸಾಧನವನ್ನು ತೋರಿಸಿದ. ಡಾಕರ್ ಎಂದರೆ ಹಡಗುಕಟ್ಟೆಯ ಕೂಲಿಯಾಳು. ಆಳು ಹುಟ್ಟಿದಮೇಲೆ ನಾವಿಕನೂ ಬೇಕಲ್ಲವೆ? ಮರುವರ್ಷ, 2014ರಲ್ಲಿ, ಗೂಗಲ್ ‘ಕುಬರ್ನೆಟಿಸ್’ ಎಂಬುದನ್ನು ಲೋಕಕ್ಕೆ ಬಿಟ್ಟಿತು. ಗ್ರೀಕ್ ಭಾಷೆಯಲ್ಲಿ ಇದಕ್ಕೆ ಚುಕ್ಕಾಣಿ ಹಿಡಿಯುವವನು ಎಂದು ಅರ್ಥ. ಆ ವೇಳೆಗೆ ಗೂಗಲ್ ತಾನು ವಾರಕ್ಕೆ 200 ಕೋಟಿಗೂ ಮಿಕ್ಕ ಪೆಟ್ಟಿಗೆಗಳನ್ನು ನಡೆಸುತ್ತಿರುವುದಾಗಿ ಹೇಳಿಕೊಂಡಿತ್ತು.

ಈ ಚುಕ್ಕಾಣಿಗನ ಕೆಲಸದ ರೀತಿ ಗಮನಿಸತಕ್ಕದ್ದು. “ಈ ತಂತ್ರಾಂಶದ ಐದು ಪೆಟ್ಟಿಗೆಗಳು ಸದಾ ಓಡುತ್ತಿರಲಿ” ಎಂದು ಬರೆದಿಟ್ಟರೆ ಸಾಕು. ಒಂದು ಕೆಟ್ಟು ನಿಂತರೆ ಅವನೇ ಬೇರೊಂದನ್ನು ಏಳಿಸುತ್ತಾನೆ. ಹಬ್ಬದ ದಿನ ಗಿರಾಕಿಗಳು ನುಗ್ಗಿದರೆ, ಮೊದಲೇ ಅಪ್ಪಣೆ ಕೊಟ್ಟಿದ್ದ ಪಕ್ಷಕ್ಕೆ, ಐದನ್ನು ಐವತ್ತು ಮಾಡುತ್ತಾನೆ. ಗದ್ದಲ ಇಳಿದಮೇಲೆ ಮತ್ತೆ ಐದಕ್ಕೆ ಇಳಿಸುತ್ತಾನೆ. ಜನ ನಡುರಾತ್ರಿಯಲ್ಲೂ ಮೊಬೈಲಿನಲ್ಲಿ ಹಣ ಪಾವತಿ ಮಾಡುವ ಈ ಕಾಲದಲ್ಲಿ ಇದು ಸಣ್ಣ ಅನುಕೂಲವಲ್ಲ. ಈ ಕ್ಷೇತ್ರವನ್ನು ನೋಡಿಕೊಳ್ಳುವ ಸಿಎನ್‌ಸಿಎಫ್ ಎಂಬ ಪ್ರತಿಷ್ಠಾನ 2023ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಉತ್ತರ ಕೊಟ್ಟ ಸಂಸ್ಥೆಗಳ ಪೈಕಿ 100ಕ್ಕೆ 66ರಷ್ಟು ಕುಬರ್ನೆಟಿಸನ್ನು ನಿತ್ಯದ ವ್ಯವಹಾರದಲ್ಲಿಯೇ ಬಳಸುತ್ತಿದ್ದವು. ಆದರೆ ಉತ್ತರ ಕೊಟ್ಟವರಲ್ಲಿ ಬಹುಪಾಲು ಈ ಬಳಗದಲ್ಲಿ ಆಗಲೇ ಆಸಕ್ತಿಯುಳ್ಳವರು. ಸಂಗೀತ ಸಭೆಯ ಬಾಗಿಲಲ್ಲಿ ನಿಂತು ಎಷ್ಟು ಜನಕ್ಕೆ ಸಂಗೀತ ಪ್ರಿಯವೆಂದು ಎಣಿಸಿದರೆ ಊರಿನ ಲೆಕ್ಕ ಸಿಕ್ಕುವುದಿಲ್ಲ.

ಹೀಗೆ ಅನುಕೂಲವಾದಮೇಲೆ ಖರ್ಚು ಇಳಿದಿರಬೇಕಲ್ಲವೆ? ವಿಷಯದ ಸ್ವಾರಸ್ಯವಿರುವುದು ಇಲ್ಲಿಯೇ. ಗಾರ್ಟ್‌ನರ್ ಎಂಬ ಪರಿಶೀಲನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಇಡೀ ಜಗತ್ತು ಮಾಹಿತಿ ತಂತ್ರಜ್ಞಾನಕ್ಕಾಗಿ ಮಾಡಿದ ವೆಚ್ಚ ಸುಮಾರು 5 ಲಕ್ಷ ಕೋಟಿ ಡಾಲರ್. ಯಂತ್ರಗಳು ಅಗ್ಗವಾದರೂ ಒಟ್ಟು ಖರ್ಚು ಏರಿದೆ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವನ್ಸ್ 1865ರಲ್ಲಿಯೇ ಕಲ್ಲಿದ್ದಲಿನ ವಿಷಯದಲ್ಲಿ ಇದನ್ನು ಕಂಡಿದ್ದ. ಉಗಿಯಂತ್ರಗಳು ಕಡಮೆ ಇದ್ದಲಿನಲ್ಲಿ ಹೆಚ್ಚು ಕೆಲಸ ಮಾಡತೊಡಗಿದಾಗ ಇದ್ದಲಿನ ಖರ್ಚು ತಗ್ಗಲಿಲ್ಲ. ಅಗ್ಗವಾದುದರಿಂದ ಎಲ್ಲರೂ ಉಗಿಯಂತ್ರ ಇಟ್ಟುಕೊಂಡರು, ಇದ್ದಲು ಮೊದಲಿಗಿಂತ ಹೆಚ್ಚಾಗಿ ಉರಿಯಿತು. ಪೆಟ್ಟಿಗೆ ಏಳಿಸುವುದು ಸುಲಭವಾದಾಗ ಜನ ಬೇಕಾದುದಕ್ಕೂ ಬೇಡವಾದುದಕ್ಕೂ ಪೆಟ್ಟಿಗೆ ಏಳಿಸುತ್ತಾರೆ.

ಎರಡನೆಯ ಕಾರಣ ಲೆಕ್ಕದ ಸ್ವರೂಪ ಬದಲಾದುದು. ಹಿಂದೆ ಸಂಸ್ಥೆ ಯಂತ್ರಗಳನ್ನು ಕೊಳ್ಳುತ್ತಿತ್ತು. ಅದು ಬಂಡವಾಳದ ಖರ್ಚು. ಆಡಳಿತ ಮಂಡಲಿ ಕೂತು, ನಾಲ್ಕಾರು ಜನರ ಸಹಿ ಬಿದ್ದು ಆಗಬೇಕಾದ ಕೆಲಸ. ಕ್ಲೌಡ್ ಎಂಬ ಬಾಡಿಗೆಯ ಕ್ರಮ ಬಂದಮೇಲೆ ಇದು ನಿತ್ಯದ ಖರ್ಚಾಯಿತು. ಸ್ವಂತ ಬಾವಿ ತೋಡುವ ಬದಲು ನಲ್ಲಿಯ ನೀರಿಗೆ ತಿಂಗಳ ಹಣ ಕಟ್ಟಿದಂತೆ. ನಲ್ಲಿ ತಿರುಗಿಸಲು ಯಾರ ಸಹಿಯೂ ಬೇಡ. ತಿಂಗಳ ಕೊನೆಗೆ ಬಿಲ್ಲು ಬಂದಾಗ ಗುಮಾಸ್ತ ಬೆಚ್ಚುತ್ತಾನೆ.

ಮೂರನೆಯದು ಕೇಳಿ ಇಟ್ಟುಕೊಂಡು ಬಳಸದೆ ಬಿಡುವ ಅಭ್ಯಾಸ. ಒಂದೊಂದು ಪೆಟ್ಟಿಗೆಗೂ ಇಷ್ಟು ಸ್ಮೃತಿ, ಇಷ್ಟು ಗಣನಶಕ್ತಿ ಬೇಕೆಂದು ಮೊದಲೇ ಬರೆದುಕೊಡಬೇಕು. ಮದುವೆಯ ಮನೆಯಲ್ಲಿ ಇನ್ನೂರು ಜನ ಬರುತ್ತಾರೆಂದು ಗೊತ್ತಿದ್ದರೂ, ಎಲೆ ಕಡಮೆಯಾಗಿ ಮಾನ ಹೋದೀತೆಂದು ಐನೂರು ಜನಕ್ಕೆ ಅಡುಗೆ ಹೇಳುವ ಯಜಮಾನನಂತೆ, ಎಂಜಿನಿಯರರೂ ಹೆಚ್ಚಾಗಿಯೇ ಬರೆಯುತ್ತಾರೆ. ಅವರನ್ನು ದೂರುವಂತಿಲ್ಲ. ಯಂತ್ರ ನಿಂತರೆ ಬಯ್ಗುಳ ಅವರಿಗೆ. ಹಣ ಪೋಲಾದರೆ ಕೇಳುವವರೇ ಇಲ್ಲ. ಫ್ಲೆಕ್ಸೆರಾ ಎಂಬ ಸಂಸ್ಥೆಯ ವಾರ್ಷಿಕ ಸಮೀಕ್ಷೆಗಳಲ್ಲಿ, 2022ರಿಂದ 2024ರವರೆಗೆ, ಕ್ಲೌಡಿಗೆ ತೆತ್ತ ಹಣದಲ್ಲಿ ಕಾಲುಭಾಗಕ್ಕಿಂತ ಹೆಚ್ಚು ವ್ಯರ್ಥವಾಗುತ್ತಿದೆಯೆಂದು ತೆತ್ತವರೇ ಒಪ್ಪಿಕೊಂಡಿದ್ದಾರೆ.

ಇದಕ್ಕೆ ಪ್ರತಿಯಾಗಿ ಒಂದು ಉದಾಹರಣೆ ನೋಡಬಹುದು. ಥರ್ಟಿಸೆವೆನ್ ಸಿಗ್ನಲ್ಸ್ ಎಂಬ ಅಮೆರಿಕದ ತಂತ್ರಾಂಶ ಕಂಪನಿ 2022ರಲ್ಲಿ ಕ್ಲೌಡಿಗಾಗಿ 32 ಲಕ್ಷ ಡಾಲರ್ ತೆತ್ತಿತ್ತು. ಆ ಮೇಲೆ ಸುಮಾರು 7 ಲಕ್ಷ ಡಾಲರಿಗೆ ಸ್ವಂತ ಯಂತ್ರಗಳನ್ನು ಕೊಂಡು ತನ್ನ ತಂತ್ರಾಂಶಗಳನ್ನು ಅಲ್ಲಿಗೆ ಸಾಗಿಸಿತು. 2024ರ ವೇಳೆಗೆ ಬಿಲ್ಲು 13 ಲಕ್ಷಕ್ಕೆ ಇಳಿಯಿತು. ಸಾಗಣೆ ಸುಗಮವಾದುದು ಪೆಟ್ಟಿಗೆಗಳಿಂದಲೇ. ಆದರೆ ಅವರು ಕುಬರ್ನೆಟಿಸನ್ನು ಬಿಟ್ಟು, ತಾವೇ ಮಾಡಿದ ಸರಳವಾದ ಸಾಧನವೊಂದನ್ನು ಬಳಸಿದರು. ಅವರಿಗೆ ಯಂತ್ರ ಇಡುವ ಸ್ಥಳವೂ ನಡೆಸಬಲ್ಲ ಜನರೂ ಮೊದಲೇ ಇದ್ದರೆಂಬುದನ್ನು ಗಮನದಲ್ಲಿಟ್ಟುಕೊಳ್ಳಬೇಕು. ಅವರು ಮಾಡಿದರೆಂದು ಎಲ್ಲರೂ ಮಾಡಬೇಕಿಲ್ಲ. ಹೊರಡುವ ದಾರಿ ತೆರೆದಿತ್ತೆಂಬುದೇ ಮುಖ್ಯ.

ಈ ದಾರಿಯ ಬೆಲೆ ತಿಳಿಯುವುದು ಅದು ಮುಚ್ಚಿದಾಗ. ಕಲ್ಪಿತ ಯಂತ್ರಗಳ ತಂತ್ರಾಂಶದಲ್ಲಿ ಹೆಸರಾದ ವಿಎಮ್‌ವೇರ್ ಕಂಪನಿಯನ್ನು ಬ್ರಾಡ್‌ಕಾಮ್ 2023ರ ನವೆಂಬರಿನಲ್ಲಿ ಸುಮಾರು 6,900 ಕೋಟಿ ಡಾಲರಿಗೆ ಕೊಂಡಿತು. ಒಂದು ಸಲ ಹಣ ಕೊಟ್ಟು ಶಾಶ್ವತವಾಗಿ ಬಳಸುವ ಪರವಾನಗಿ ಡಿಸೆಂಬರಿನಲ್ಲಿಯೇ ನಿಂತು, ಚಂದಾ ಕಟ್ಟುವುದೊಂದೇ ಮಾರ್ಗವಾಯಿತು. ಡಾಕರಿನ ಕಥೆಯಲ್ಲೂ ಇಂತಹದೊಂದು ತಿರುವುಂಟು. ಎಂಜಿನಿಯರರು ಉಚಿತವಾಗಿ ಬಳಸುತ್ತಿದ್ದ ಅದರ ‘ಡೆಸ್ಕ್‌ಟಾಪ್’ ಸಾಧನಕ್ಕೆ 2021ರಲ್ಲಿ ದೊಡ್ಡ ಸಂಸ್ಥೆಗಳು ಹಣ ತೆರಬೇಕೆಂಬ ನಿಯಮ ಬಂತು. ಆದರೆ ಅಷ್ಟರಲ್ಲಿ, 2015ರಲ್ಲಿಯೇ, ಪೆಟ್ಟಿಗೆಯ ರಚನೆ ಹೇಗಿರಬೇಕೆಂಬ ಮುಕ್ತ ಕಟ್ಟಳೆಯನ್ನು ಗೊತ್ತುಪಡಿಸಲು ಹಲವು ಕಂಪನಿಗಳು ಒಂದುಗೂಡಿದ್ದವು. ಆದುದರಿಂದ ಒಬ್ಬರ ಸಾಧನ ಬೇಡವಾದರೆ ಮತ್ತೊಬ್ಬರದು ಸಿಗುತ್ತದೆ. ಮೆಕ್‌ಲೀನನೂ ಪೆಟ್ಟಿಗೆಯ ಮೂಲೆಯ ಕೊಂಡಿಗಳ ಮೇಲಿನ ತನ್ನ ಕಂಪನಿಯ ಹಕ್ಕನ್ನು ಬಿಟ್ಟುಕೊಟ್ಟುದರಿಂದಲೇ ಪ್ರಪಂಚಕ್ಕೆಲ್ಲ ಒಂದೇ ಅಳತೆ ಸಾಧ್ಯವಾಯಿತು. ಅಳತೆ ಎಲ್ಲರದಾಗಿದ್ದರೆ ವ್ಯಾಪಾರಿ ಯಾರಿಗೂ ಜೀತದಾಳಲ್ಲ.

ಹಾಗಾದರೆ ಒಂದು ಸಹಕಾರ ಬ್ಯಾಂಕೋ, ಮಧ್ಯಮ ತರಗತಿಯ ಕಾರ್ಖಾನೆಯೋ ಈ ಪೆಟ್ಟಿಗೆಗೆ ಕೈಹಾಕಬೇಕೆ? ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಉತ್ತರ ತಾನಾಗಿ ಹೊಳೆಯುತ್ತದೆ. ನಮ್ಮ ಕೆಲಸದ ಭಾರ ದಿನದಿಂದ ದಿನಕ್ಕೆ ಏರಿಳಿಯುತ್ತದೆಯೆ, ಅಥವಾ ವರ್ಷವೆಲ್ಲ ಸಮವಾಗಿದೆಯೆ? ನಮ್ಮ ತಂತ್ರಾಂಶವನ್ನು ವಾರಕ್ಕೊಮ್ಮೆ ತಿದ್ದುತ್ತೇವೆಯೆ, ಅಥವಾ ವರ್ಷಕ್ಕೊಮ್ಮೆಯೆ? ಕೆಟ್ಟಾಗ ರಾತ್ರಿ ಎದ್ದು ನೋಡಬಲ್ಲ ಜನ ನಮ್ಮಲ್ಲಿದ್ದಾರೆಯೆ? ಏರಿಳಿತವಿದ್ದು, ತಿದ್ದುಪಡಿ ಹೆಚ್ಚಿದ್ದು, ಬಲ್ಲ ಜನರಿದ್ದರೆ ಪೆಟ್ಟಿಗೆಯೂ ಬೇಕು, ಚುಕ್ಕಾಣಿಗನೂ ಬೇಕು. ಇಲ್ಲವಾದರೆ ಪೆಟ್ಟಿಗೆ ಮಾತ್ರ ಸಾಕು. ನಾಲ್ಕು ದೋಣಿಗೆ ನೌಕಾದಳದ ಸೇನಾಪತಿ ಬೇಕಿಲ್ಲ. 2018ರಲ್ಲಿ ಟೆಸ್ಲಾದಂತಹ ಕಂಪನಿಯ ಕುಬರ್ನೆಟಿಸ್ ನಿಯಂತ್ರಣ ಫಲಕವೇ ಗುಪ್ತಪದವಿಲ್ಲದೆ ತೆರೆದಿದ್ದು, ಕಳ್ಳರು ಅದರ ಯಂತ್ರಗಳಲ್ಲಿ ತಮ್ಮ ನಾಣ್ಯಗಳನ್ನು ಗಳಿಸುತ್ತಿದ್ದುದು ಬಯಲಾಯಿತು. ಬಲ್ಲವರ ಮನೆಯಲ್ಲಿಯೇ ಹೀಗಾದರೆ ಅರೆಬರೆ ತಿಳಿದವರ ಗತಿಯೇನು?

ಕೊನೆಗೆ ಮನುಷ್ಯರ ಮಾತು. ಹಡಗಿನ ಪೆಟ್ಟಿಗೆ ಬಂದು ನ್ಯೂಯಾರ್ಕಿನ ಹಳೆಯ ಹಡಗುಕಟ್ಟೆಗಳು ಬಣಗುಟ್ಟಿದವು. ಸಾವಿರಾರು ಕೂಲಿಗಳ ಕೆಲಸ ಹೋಯಿತು. ಅದೇ ಅಮೆರಿಕದ ಪಶ್ಚಿಮ ತೀರದಲ್ಲಿ, ಹ್ಯಾರಿ ಬ್ರಿಜಸ್ ಎಂಬ ಕಾರ್ಮಿಕ ಮುಖಂಡನ ಸಂಘ 1960ರಲ್ಲಿ ಮಾಲಿಕರೊಡನೆ ಒಪ್ಪಂದ ಮಾಡಿಕೊಂಡಿತು. ಯಂತ್ರವನ್ನು ತಡೆಯುವುದಿಲ್ಲ, ಆದರೆ ಅದರ ಲಾಭದಲ್ಲಿ ಒಂದು ಪಾಲು ಕೆಲಸಗಾರರ ನಿಧಿಗೆ ಸೇರಬೇಕು ಎಂಬುದು ಅದರ ತಿರುಳು. ಇಂದು ದೂರದೇಶದ ಕಂಪನಿಗಳ ಪೆಟ್ಟಿಗೆಗಳನ್ನು ಹಗಲಿರುಳು ಕಾಯುತ್ತಿರುವವರಲ್ಲಿ ಬೆಂಗಳೂರಿನ ಎಂಜಿನಿಯರರು ಬಹಳ ಮಂದಿ. ಹಳೆಯ ಕ್ರಮದಲ್ಲಿ ಒಂದೊಂದು ಯಂತ್ರವನ್ನೂ ಕೈಯಾರೆ ಸಜ್ಜುಗೊಳಿಸುತ್ತಿದ್ದವರ ಕೆಲಸ ಕರಗುತ್ತಿದೆ. ನೂರು ಯಂತ್ರಗಳಿಗೆ ಒಂದೇ ಆಜ್ಞೆ ಬರೆಯಬಲ್ಲವರಿಗೆ ಬೇಡಿಕೆ ಏರಿದೆ. ಹಳಬರನ್ನು ಕಳಿಸಿ ಹೊಸಬರನ್ನು ತರುವುದು ಅಗ್ಗವೆಂದು ತೋರಬಹುದು. ಆದರೆ ಸಂಸ್ಥೆಯ ಒಳಗುಟ್ಟು, ಯಾವ ಲೆಕ್ಕ ಯಾವ ಕಾಲಕ್ಕೆ ತಪ್ಪುತ್ತದೆಂಬ ಅನುಭವ, ಹಳಬರ ತಲೆಯಲ್ಲಿದೆ. ಅದನ್ನು ಯಾವ ಪೆಟ್ಟಿಗೆಯಲ್ಲಿಯೂ ಕಟ್ಟಿಡಲು ಬರುವುದಿಲ್ಲ. ತಂತ್ರಜ್ಞಾನಕ್ಕಾಗಿ ತೆಗೆದಿಟ್ಟ ಹಣದಲ್ಲಿ ಒಂದು ಭಾಗವನ್ನು ಅವರ ಶಿಕ್ಷಣಕ್ಕೆ ಮೀಸಲಿಡುವ ಸಂಸ್ಥೆ, ಅದೇ ಹಣವನ್ನೆಲ್ಲ ಯಂತ್ರದ ಬಾಡಿಗೆಗೆ ಸುರಿಯುವ ಸಂಸ್ಥೆಗಿಂತ ಹೆಚ್ಚು ಕಾಲ ಬಾಳೀತು.