ತಿಥಿ ನೋಡಿ ಬಲೆ ಬೀಸುವವರು

ನಾವು ಪಂಚಾಂಗ ತೆರೆಯುವುದು ಮದುವೆಗೆ, ಗೃಹಪ್ರವೇಶಕ್ಕೆ, ಹಬ್ಬಕ್ಕೆ. ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ ದಂಡೆಯಲ್ಲಿ ತಿಥಿಗೆ ಇನ್ನೊಂದು ಕೆಲಸವಿದೆ. ಇವತ್ತು ಪಂಚಮಿಯೋ ಅಷ್ಟಮಿಯೋ ಎಂದು ತಿಳಿದರೆ ಸಾಕು, ಕಡಲ ನೀರು ಎಷ್ಟು ಹೊತ್ತಿಗೆ ಹೊಳೆಗೆ ನುಗ್ಗುತ್ತದೆ, ಎಷ್ಟು ಹೊತ್ತಿಗೆ ಹಿಂದೆ ಸರಿಯುತ್ತದೆ ಎಂಬುದನ್ನು ಪಳಗಿದ ಮೀನುಗಾರ ಜಗಲಿಯಲ್ಲಿ ಕೂತೇ ಹೇಳಬಲ್ಲ.

ಲೆಕ್ಕ ಹೀಗೆ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಚಂದ್ರ ತುಸು ಮುಂದೆ ಹೋಗಿರುತ್ತಾನೆ. ಅದರಿಂದ ಭರತ, ಅಂದರೆ ಕಡಲ ನೀರಿನ ಏರಿಕೆ, ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಭರತಕ್ಕೂ ಇಳಿತಕ್ಕೂ ನಡುವೆ ಆರು ಗಂಟೆ ಚಿಲ್ಲರೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಸೂರ್ಯ ಚಂದ್ರರ ಸೆಳೆತ ಒಂದುಗೂಡಿ ನೀರು ಹೆಚ್ಚು ಏರುತ್ತದೆ, ಅಷ್ಟೇ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ಒಬ್ಬನ ಸೆಳೆತಕ್ಕೆ ಇನ್ನೊಬ್ಬ ಅಡ್ಡ ಬರುತ್ತಾನೆ, ಏರಿಳಿತ ತಗ್ಗುತ್ತದೆ. ಗುಜರಾತಿನ ಭಾವನಗರದ ಕಡೆ ಈ ಏರಿಳಿತ ಹತ್ತು ಮೀಟರ್ ಮುಟ್ಟುವುದುಂಟು. ನಮ್ಮಲ್ಲಿ ಎರಡು ಮೀಟರಿನ ಆಸುಪಾಸು. ಅಷ್ಟರಲ್ಲೇ ನಮ್ಮವರು ಎಷ್ಟೊಂದು ಕಸುಬು ನಡೆಸುತ್ತಾರೆ ನೋಡಿ.

ಬಳಚು, ಅಂದರೆ ಚಿಪ್ಪಿಕಲ್ಲು ಹೆಕ್ಕುವವರಿಗೆ ಬೇಕಾದ್ದು ದೊಡ್ಡ ಇಳಿತ. ಅಮಾವಾಸ್ಯೆ, ಹುಣ್ಣಿಮೆಯ ಸುತ್ತಿನ ದಿನಗಳಲ್ಲಿ ಹೊಳೆಯ ತಳದ ಮರಳು ದಿಬ್ಬಗಳು ಬಯಲಾಗುತ್ತವೆ. ನೀರು ಮತ್ತೆ ತಿರುಗುವ ಮುನ್ನ ಬುಟ್ಟಿ ತುಂಬಬೇಕು. ಬೀಸುಬಲೆಯವನ ಗಳಿಗೆಯೇ ಬೇರೆ. ಭರತದ ಜೊತೆ ಮೇವು ಹುಡುಕುತ್ತ ಕೆಸರು ಬಯಲಿಗೆ ಹೋದ ಮೀನು, ನೀರು ಇಳಿಯತೊಡಗಿದಾಗ ಸಣ್ಣ ಕಾಲುವೆಗಳಿಂದಲೇ ಹೊರಬರಬೇಕು. ಆತ ಕಾಯುವುದು ಆ ಕಾಲುವೆಗಳ ಬಾಯಲ್ಲಿ.

ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಇದೇ ತಿಳಿವಳಿಕೆ ಇನ್ನೊಂದು ರೂಪ ತಾಳುತ್ತದೆ. ಮಳೆಗಾಲದಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆದ ನೆಲಕ್ಕೆ, ಕೊಯ್ಲಾದ ಮೇಲೆ ಭರತದ ನೀರು ಬಿಡುತ್ತಾರೆ. ಜೊತೆಗೆ ಶೆಟ್ಲಿ, ಅಂದರೆ ಸೀಗಡಿ ಮರಿಗಳೂ ಒಳಬರುತ್ತವೆ. ಅವು ಬೆಳೆದ ಮೇಲೆ, ದೊಡ್ಡ ಇಳಿತದ ರಾತ್ರಿ ತೂಬಿನ ಬಾಯಿಗೆ ಚೀಲದಂಥ ಬಲೆ ಕಟ್ಟಿ ಬಾಗಿಲು ತೆಗೆಯುತ್ತಾರೆ. ಶೆಟ್ಲಿಯನ್ನು ಬಲೆಗೆ ತಂದು ಹಾಕುವ ಕೆಲಸ ನೀರಿನದು.

ಆದರೆ ರಭಸದ ನೀರು ಎಲ್ಲರಿಗೂ ಒಳ್ಳೆಯದಲ್ಲ. ಹೊಳೆಗೆ ಅಡ್ಡಲಾಗಿ ಬಿಡುವ ಬಲೆಯನ್ನು ಅದು ಎಳೆದು ಮುದ್ದೆ ಮಾಡುತ್ತದೆ. ಅಂಥವರಿಗೆ ಅಷ್ಟಮಿಯ ಸುತ್ತಿನ ಮಂದ ನೀರೇ ವಾಸಿ. ಕಡಲಿಗೆ ಹೋಗುವವರು ನೀರಿನ ಜೊತೆ ಬೆಳಕನ್ನೂ ಲೆಕ್ಕ ಹಾಕುತ್ತಾರೆ. ಬೆಳದಿಂಗಳಲ್ಲಿ ಮೀನಿಗೆ ಬಲೆ ಕಾಣುತ್ತದೆ. ಕತ್ತಲ ರಾತ್ರಿಯಲ್ಲಾದರೆ ಬಂಗುಡೆ, ತಾರ್ಲಿಯ ಹಿಂಡು ಹೊರಳಿದಾಗ ನೀರಿನ ಸೂಕ್ಷ್ಮಜೀವಿಗಳು ಮಿನುಗಿ, ಹಿಂಡಿನ ಜಾಗ ತೋರಿಸಿಕೊಡುತ್ತವೆ. ಈ ನೋಟದ ಪರಿಣತಿಯನ್ನು ಬದಿಗಿಟ್ಟು, ಪ್ರಖರ ದೀಪಗಳಿಂದ ಮೀನನ್ನು ಸೆಳೆಯುವ ಪದ್ಧತಿ ಬಂತು. 2017ರಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿತು.

ಇಷ್ಟೆಲ್ಲದರಲ್ಲಿ ನನಗೆ ಅತಿ ದೊಡ್ಡದೆನಿಸುವುದು ಅಳಿವೆ ದಾಟುವ ಕಲೆ. ಹೊಳೆ ಕಡಲು ಸೇರುವಲ್ಲಿ ಮರಳಿನ ದಿಬ್ಬವಿರುತ್ತದೆ. ಇಳಿತದಲ್ಲಿ ಹೊಳೆಯ ನೀರು ಹೊರಗೆ ನುಗ್ಗುತ್ತದೆ, ಕಡಲ ತೆರೆ ಒಳಗೆ ಬರುತ್ತದೆ. ಎರಡೂ ಡಿಕ್ಕಿ ಹೊಡೆದು ಅಲೆ ನೆಟ್ಟಗೆ ಏಳುತ್ತದೆ. ದೋಣಿ ಮಗುಚುವ ಜಾಗವದು. ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರತಿ ವರ್ಷ ಭರತ ಇಳಿತಗಳ ಕೋಷ್ಟಕ ಪ್ರಕಟಿಸುತ್ತದೆ. ಈಗ ಮೊಬೈಲಿನಲ್ಲೂ ಸಮಯ ಸಿಗುತ್ತದೆ, ಸಿಗಲೂಬೇಕು. ಆದರೆ ಕಳೆದ ಮಳೆಗಾಲ ಮರಳನ್ನು ಯಾವ ಬದಿಗೆ ತಳ್ಳಿದೆ ಎಂಬುದು ಕೋಷ್ಟಕದಲ್ಲಿ ಇರುವುದಿಲ್ಲ. ಅದನ್ನು ತೆರೆ ಒಡೆಯುವ ಬಗೆ ನೋಡಿಯೇ ತಿಳಿಯಬೇಕು. ತಿಥಿ ಹೋಗು ಎಂದರೂ ತೆರೆ ಬೇಡ ಎಂದರೆ ದೋಣಿಯನ್ನು ದಡಕ್ಕೆ ಎಳೆದಿಡುವವನೇ ನನ್ನ ದೃಷ್ಟಿಯಲ್ಲಿ ನಿಜವಾದ ಕಸುಬುದಾರ.

ಕಡೆಯದಾಗಿ ಒಂದು ಮಾತು. ಅಷ್ಟಮಿ, ನವಮಿಯ ದಿನ ಸಂತೆಯಲ್ಲಿ ಬಳಚಿನ ಬುಟ್ಟಿ ಅರ್ಧವೇ ತುಂಬಿದ್ದು, ದರ ತುಸು ಏರಿದ್ದರೆ, ಮಾರುವ ಅಮ್ಮನ ಜೊತೆ ಜಗಳಕ್ಕೆ ಇಳಿಯಬೇಡಿ. ಆ ದಿನ ನೀರೇ ಅಷ್ಟು ಇಳಿದಿರುವುದಿಲ್ಲ.