ಸರ್ಕಾರದ ಸಹಾಯವೂ ಕೂಲಿಯ ನ್ಯಾಯವೂ

ಶಿಕಾರಿಪುರದ ಸೀಮೆಯಲ್ಲಿ ಅಂಜನಾಪುರವೆಂಬ ಊರಿದೆ. ಕುಮುದ್ವತಿ ನದಿಗೆ ಅಲ್ಲಿ ಕಟ್ಟೆ ಹಾಕಿ ಜಲಾಶಯವನ್ನು ಮಾಡಿದ್ದಾರೆ. ಒಮ್ಮೆ ನಾವು ಏರಿಯ ಮೇಲೆ ನಿಂತು ತುಂಬಿದ ನೀರನ್ನು ಹೊಗಳುತ್ತಿದ್ದಾಗ, ಪಕ್ಕದಲ್ಲಿದ್ದ ವೃದ್ಧ ರೈತರೊಬ್ಬರು, “ಇಲ್ಲಿ ತುಂಬಿದರೆ ಆಯಿತೇ ಸ್ವಾಮಿ? ಕಾಲುವೆಯ ಕೊನೇ ಗದ್ದೆಗೆ ಬರಬೇಕಲ್ಲ” ಎಂದರು. ಆ ಮಾತು ಸರ್ಕಾರದ ಹಣಕ್ಕೂ ಸಲ್ಲುತ್ತದೆ. ಉದ್ಯೋಗವನ್ನು ಹೆಚ್ಚಿಸಲೆಂದು ಬೊಕ್ಕಸದಿಂದ ಹೊರಟ ಸಹಾಯಧನವು ದುಡಿಯುವವರ ಕೈ ಸೇರುವುದೋ, ನಡುವೆಯೇ ಇಂಗಿಹೋಗುವುದೋ ಎಂಬುದೇ ಈ ಹೊತ್ತಿನ ನಮ್ಮ ವಿಚಾರ.

ಇದು ಹಳೆಯ ಪ್ರಶ್ನೆ. 1795ರಲ್ಲಿ ಇಂಗ್ಲೆಂಡಿನ ಬರ್ಕ್‌ಷೈರ್ ಪ್ರಾಂತದ ನ್ಯಾಯಾಧಿಕಾರಿಗಳು ಸ್ಪೀನ್‌ಹ್ಯಾಮ್‌ಲ್ಯಾಂಡ್ ಎಂಬಲ್ಲಿ ಸಭೆ ಸೇರಿ, ರೊಟ್ಟಿಯ ಬೆಲೆಗೆ ಸಾಲದೆ ಬರುವ ಕೂಲಿಯನ್ನು ಊರ ತೆರಿಗೆಯಿಂದ ತುಂಬಿಕೊಡುವಂತೆ ಗೊತ್ತುಮಾಡಿದರು. ಉದ್ದೇಶವು ಕರುಣೆಯದೇ. ಆದರೆ ಕೂಲಿಗೆ ಕೆಳಮಿತಿಯನ್ನು ಹಾಕಲಿಲ್ಲ. ಕನಿಷ್ಠ ಕೂಲಿಗಾಗಿ ವಿಟ್‌ಬ್ರೆಡ್ ಎಂಬಾತನು ತಂದ ಮಸೂದೆಯು 1796ರಲ್ಲಿ ಬಿದ್ದುಹೋಯಿತು. ಕೊರತೆಯನ್ನು ಊರವರೇ ತುಂಬುವುದಾದರೆ ತಾನೇಕೆ ಹೆಚ್ಚು ಕೊಡಬೇಕೆಂದು ಜಮೀನುದಾರನು ಯೋಚಿಸುವುದಕ್ಕೆ ಅವಕಾಶವಾಯಿತು. ಕೂಲಿ ಎಷ್ಟು ಇಳಿಯಿತೆಂಬುದರಲ್ಲಿ ಚರಿತ್ರಕಾರರಿಗೆ ಏಕಾಭಿಪ್ರಾಯವಿಲ್ಲ, ಅಪಾಯವಿದ್ದಿತೆಂಬುದು ಸ್ಪಷ್ಟ.

ನಮ್ಮ ದೇಶವು ಆ ಕೆಳಮಿತಿಯನ್ನು 1948ರ ಕನಿಷ್ಠ ವೇತನ ಕಾಯಿದೆಯಿಂದ ಹಾಕಿತು. ಅದಕ್ಕಿಂತ ಕಡಿಮೆ ಕೊಟ್ಟು ದುಡಿಸುವುದು ಬಲಾತ್ಕಾರದ ದುಡಿಮೆಯೆಂದು ಸರ್ವೋಚ್ಚ ನ್ಯಾಯಾಲಯವು 1982ರಲ್ಲಿ ಹೇಳಿತು. ಬರಗಾಲದ ಪರಿಹಾರ ಕಾಮಗಾರಿಗೂ ಇದು ಅನ್ವಯಿಸುವುದೆಂದು 1983ರಲ್ಲಿ ತೀರ್ಮಾನವಾಯಿತು. ಹೀಗಿದ್ದರೂ ಉದ್ಯೋಗ ಖಾತರಿಯ ಕೆಲಸಕ್ಕೆ ಕೇಂದ್ರ ಸರ್ಕಾರವು 2009ರಲ್ಲಿ ದಿನಕ್ಕೆ 100 ರೂಪಾಯಿಯ ಲೆಕ್ಕವನ್ನು ಪ್ರತ್ಯೇಕವಾಗಿ ಗೊತ್ತುಮಾಡಿತು. ಕರ್ನಾಟಕದ ಬೇಸಾಯದ ಕನಿಷ್ಠ ಕೂಲಿಯು ಅದನ್ನು ಮೀರಿಹೋಯಿತು. ರಾಜ್ಯದ ಕನಿಷ್ಠ ಕೂಲಿಯನ್ನೇ ಕೊಡತಕ್ಕದ್ದೆಂದು ನಮ್ಮ ಉಚ್ಚ ನ್ಯಾಯಾಲಯವು 2011ರ ಸೆಪ್ಟೆಂಬರಿನಲ್ಲಿ ತೀರ್ಪಿತ್ತಿತು; 2012ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅದಕ್ಕೆ ತಡೆಕೊಡಲು ಒಪ್ಪಲಿಲ್ಲ. ನಿಯಮವನ್ನು ಮಾಡಿದವರೇ ಧಣಿಗಳಾದಾಗ ನಿಯಮವು ಎಷ್ಟು ಬೇಗ ಭಾರವಾಗುತ್ತದೆ!

ಖಾಸಗಿ ಧಣಿಗಳ ಮಾತೂ ಹಾಗೆಯೇ. 2020ರ ಏಪ್ರಿಲಿನಿಂದ ಕರ್ನಾಟಕದ ಸಿದ್ಧ ಉಡುಪಿನ ಕಾರ್ಖಾನೆಗಳ ಕೆಲಸಗಾರರಿಗೆ ಸಲ್ಲಬೇಕಾಗಿದ್ದ ತುಟ್ಟಿಭತ್ಯೆ ತಿಂಗಳಿಗೆ ಸುಮಾರು 417 ರೂಪಾಯಿ. ಹಲವು ಕಾರ್ಖಾನೆಗಳು ಅದನ್ನು ತಡೆಹಿಡಿದುವು. ಬಾಧಿತರು ನಾಲ್ಕು ಲಕ್ಷಕ್ಕೂ ಮೇಲ್ಪಟ್ಟವರು, ಬಹುಮಂದಿ ಹೆಂಗಸರು. ತಲೆಗೆ ದಿನವೊಂದಕ್ಕೆ 14 ರೂಪಾಯಿಯೂ ಆಗದ ಈ ಹಣ, ಒಟ್ಟಿನಲ್ಲಿ ತಿಂಗಳಿಗೆ 16 ಕೋಟಿಯನ್ನು ಮೀರುತ್ತದೆ. ಬಾಕಿಯು ಕೈಸೇರತೊಡಗಿದ್ದು ನ್ಯಾಯಾಲಯ ಹತ್ತಿ, ವಿದೇಶದ ಗಿರಾಕಿಗಳವರೆಗೆ ದೂರು ಹೋದ ಮೇಲೆ.

ಈಗ ಸಹಾಯಧನದ ಹೊಸ ಹೊಳೆಯೊಂದು ಹರಿದಿದೆ. 2025ರ ಆಗಸ್ಟ್ 1ರಿಂದ 2027ರ ಜುಲೈ ಕೊನೆಯವರೆಗೆ ಹೊಸಬರನ್ನು ಕೆಲಸಕ್ಕೆ ಸೇರಿಸಿಕೊಳ್ಳುವ ಧಣಿಗಳಿಗೆ ಕೇಂದ್ರ ಸರ್ಕಾರವು ಆಳೊಂದಕ್ಕೆ ತಿಂಗಳಿಗೆ 3,000 ರೂಪಾಯಿವರೆಗೆ ಕೊಡುವ ಯೋಜನೆ ಅದು. ಅದಕ್ಕೆ ಗೊತ್ತಾದ ಮೊತ್ತ 99,446 ಕೋಟಿ. ಅದೇ ವರ್ಷದ ನವೆಂಬರ್ 21ರಂದು 1948ರ ಕಾಯಿದೆಯ ಸ್ಥಾನದಲ್ಲಿ 2019ರ ವೇತನ ಸಂಹಿತೆ ಜಾರಿಗೆ ಬಂದಿತು. ಅದರಲ್ಲೊಂದು ಒಳ್ಳೆಯ ನಿಯಮವಿದೆ: ಕೂಲಿ ಬರಲಿಲ್ಲವೆಂಬ ದಾವೆಯಲ್ಲಿ, ಕೊಟ್ಟಿದ್ದೇನೆಂದು ಸಾಧಿಸುವ ಹೊಣೆ ಧಣಿಯದು. ದಾವೆ ಹೂಡಲು ಮೂರು ವರ್ಷಗಳ ಅವಕಾಶವೂ ಉಂಟು. ಆದರೆ ಕೆಲಸವನ್ನು ಕಳೆದುಕೊಳ್ಳುವ ಭಯವುಳ್ಳವಳು ದಾವೆಗೆ ಹೋಗುವುದು ವಿರಳ. ಆದ್ದರಿಂದ ಸಹಾಯಧನವನ್ನು ಬೇಡುವವನು ಮೊದಲು ಕೂಲಿಯ ಪುಸ್ತಕವನ್ನು ತೋರಿಸಲಿ. ಕಡಿಮೆ ಕೊಟ್ಟವನಿಂದ ಬೊಕ್ಕಸದ ಹಣ ಹಿಂದಕ್ಕೆ ಬರಲಿ. ಒಂದು ಕೈಯಿಂದ ಕೊಡುವ ಸರ್ಕಾರವು ಇನ್ನೊಂದು ಕೈಯಿಂದ ಲೆಕ್ಕ ಕೇಳುವುದು ನಿಷ್ಠುರವಲ್ಲ, ಕರ್ತವ್ಯ.

ಕೊನೆಗೊಂದು ಮಾತು. ಮನೆಗೆಲಸದವರಿಗೂ ಕನಿಷ್ಠ ಕೂಲಿಯನ್ನು ಕರ್ನಾಟಕವು 2004ರಲ್ಲಿಯೇ ಗೊತ್ತುಮಾಡಿತು. ಕಾರ್ಖಾನೆಯ ಧಣಿಯನ್ನು ಆಕ್ಷೇಪಿಸುವ ನಾವು, ನಮ್ಮ ಮನೆಯ ಪಾತ್ರೆ ಬೆಳಗುವಾಕೆಗೆ ಎಷ್ಟು ಸಲ್ಲಬೇಕೆಂದು ಆ ಪಟ್ಟಿಯನ್ನು ತೆರೆದು ನೋಡಿದ್ದೇವೆಯೆ? ನಾವು ನೋಡಿದ್ದು ಈ ಭಾಷಣವನ್ನು ಸಿದ್ಧಪಡಿಸುವಾಗ. ಕಾಲುವೆಯ ಕೊನೆಯ ಗದ್ದೆ ಅಂಜನಾಪುರದ ಆಚೆಗೆ ಮಾತ್ರ ಇರುವುದಲ್ಲ. ನಮ್ಮ ಹಿತ್ತಲ ಬಾಗಿಲಿನಲ್ಲಿಯೂ ಇದೆ.